ನೋಡದೆ ಹೇಳಿದ ಹೌದು

ಗೆಳೆಯಾ,

ನಾವಿಬ್ಬರೂ ತರಬೇತಿ ಪಡೆದ ವಿಮಾನವನ್ನು ಹಾರಿಸುವ ಅರ್ಹತೆ ಇವತ್ತು ನನಗೆ ಸಿಕ್ಕಿತು. ಅದೇ ಸಿಮ್ಯುಲೇಟರ್, ಅದೇ ಪರೀಕ್ಷಕರು. ನಿನ್ನ ಸೀಟಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಬಲಗಡೆ ಎಂಜಿನ್‌ಗೆ ಬೆಂಕಿ ಎಂದು ದೀಪ ಹತ್ತಿದಾಗ ಅವಳು ಎಂಜಿನ್ ಆರಿಸುವ ಲಿವರ್ ಮೇಲೆ ಕೈಯಿಟ್ಟು, "ಇದೇನಾ?" ಎಂದು ಕೇಳಿದಳು. ನಾನು ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, "ಹೌದು" ಅಂದೆ.

ನಮ್ಮಿಬ್ಬರ ಪರೀಕ್ಷೆಯ ದಿನ ನೀನೂ ಹೀಗೇ ಕೇಳಿದ್ದೆ. ಅವತ್ತೂ ಬೆಂಕಿ ಬಲಗಡೆ ಎಂಜಿನ್‌ಗೇ, ನಿನ್ನ ಕೈ ಮಾತ್ರ ಎಡಗಡೆಯ ಲಿವರ್ ಮೇಲಿತ್ತು. ನಾನು ತಿರುಗಿಯೂ ನೋಡದೆ ಹೌದು ಅಂದೆ, ನೀನು ಸರಿಯಿದ್ದ ಎಂಜಿನ್ ಆರಿಸಿದೆ. ಪರೀಕ್ಷಕರು ವಿಚಾರಿಸಿದಾಗ, "ನಾನು ನೋಡಿದಾಗ ಸರಿಯಾಗೇ ಹಿಡಿದಿದ್ದ ಸರ್, ಆಮೇಲೆ ಕೈ ಬದಲಾಯ್ತು" ಎಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ. ನನಗೆ ಇನ್ನೊಂದು ಅವಕಾಶ ಕೊಟ್ಟರು. ನಿನ್ನನ್ನು ವಾರದೊಳಗೆ ಮನೆಗೆ ಕಳಿಸಿದರು.

ಇವತ್ತು ಪರೀಕ್ಷಕರು ನನ್ನ ಬೆನ್ನು ತಟ್ಟಿ, "ಎರಡೆರಡು ಸಲ ನೋಡ್ತೀರಲ್ಲ, ಒಳ್ಳೇ ಅಭ್ಯಾಸ. ಯಾರು ಕಲಿಸಿದ್ರು?" ಎಂದು ಕೇಳಿದರು.

ನಿನ್ನ ಹೆಸರು ನಾಲಿಗೆಯ ತುದಿಯವರೆಗೆ ಬಂತು.

"ಯಾರೂ ಇಲ್ಲ ಸರ್" ಅಂದೆ. "ನಾನು ಮೊದಲಿಂದಲೂ ಹೀಗೇ."