ಜೋಡಿಕುರ್ಚಿಯ ಎರಡನೇ ಪಾಳಿ

ತೇಲೂರು, ಆಲಮಟ್ಟಿ ಹಿನ್ನೀರು
ಇಸವಿ ೨೩೧೭, ಶ್ರಾವಣ ಮೂವತ್ತೊಂಬತ್ತು

ಅಜ್ಜಿ ದಾನೇಶ್ವರಿಗೆ, ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಸಾಲಿನಲ್ಲಿ ಬಹಳ ಹಿಂದೆ ನಿಂತಿರುವ ಕೃಷ್ಣವ್ವನ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡ. ನಮ್ಮ ಮಳೆಗಾಲ ಉದ್ದವಾಗಿದೆ, ಅದಕ್ಕೆ ತಕ್ಕಂತೆ ಶ್ರಾವಣವನ್ನೂ ಎಳೆದಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ, ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ವಯಸ್ಸಿನಲ್ಲಿ ನೀನು ನನಗಿಂತ ಎಷ್ಟೋ ಚಿಕ್ಕವಳು, ಆದರೂ ಅಜ್ಜಿ ನೀನೇ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಬದುಕಿನಲ್ಲಿ ಒಂದೇ ಸಲ ಕಳಿಸಲು ಅವಕಾಶ. ಅದನ್ನು ಮೀಸೆಯ ವಿಷಯಕ್ಕೆ ಖರ್ಚು ಮಾಡುತ್ತಿದ್ದೇನೆಂದು ಮನೆಯವರು ನಗುತ್ತಿದ್ದಾರೆ. ನಗಲಿ.

ಬರುವ ಭಾನುವಾರ ನಿನ್ನನ್ನು ನೋಡಲು ಗಂಡಿನವರು ಬರುತ್ತಾರೆ. ಹಿಂದಿನ ದಿನ ನಿಮ್ಮಣ್ಣ ಶರಣಪ್ಪ ಕನ್ನಡಿ ಮುಂದೆ ತನ್ನ ಮೀಸೆಗೆ ಎಣ್ಣೆ ಹಚ್ಚಿ ತೀಡುತ್ತಲೇ, "ಪಾರ್ಲರಿಗೆ ಹೋಗಿ ತುಟಿ ಮ್ಯಾಲಿನ ಕೂದ್ಲ ತಗಿಸ್ಕೊಂಡ್ ಬಾ ತಂಗಿ, ಮಂದಿ ಏನಂತಾರ" ಎನ್ನುತ್ತಾನೆ. ನೀನು "ಅಣ್ಣಾ, ಮೊದಲ ನಿಂದು, ಆಮ್ಯಾಲ ನಂದು" ಎಂದು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಅರ್ಧ ಮೀಸೆಗೆ ವ್ಯಾಕ್ಸ್ ಪಟ್ಟಿ ಅಂಟಿಸಿ ಎಳೆಯುತ್ತೀಯ. "ಯವ್ವಾ, ಸತ್ತ್ನೆಪೋ!" ಎಂದು ಅವನು ಕೂಗಿದ್ದು ಓಣಿಗೆಲ್ಲ ಕೇಳಿತಂತೆ. ಈ ಕತೆ ಹೇಳಿದರೆ ಇಲ್ಲಿ ಮಕ್ಕಳು ಉರುಳಾಡಿ ನಗುತ್ತವೆ.

ಆ ನಗೆಯಿಂದಲೇ ಮುಂದೆ ಒಂದು ಪದ್ಧತಿ ಹುಟ್ಟಿತು. ತೇಲೂರು ಎಂದರೆ ನೀರಿನ ಮೇಲೆ ತೇಲುವ ಊರು. ಇಲ್ಲಿ ಪ್ರತಿ ಓಣಿಯ ಕಟ್ಟೆಯಲ್ಲೂ ಒಂದು ಜೋಡಿಕುರ್ಚಿ ಇದೆ, ಇಬ್ಬರು ಅಕ್ಕಪಕ್ಕ ಕೂರುವಂಥದ್ದು. ಇನ್ನೊಬ್ಬರಿಗೆ ಮೈಕೂದಲು ತೆಗೆಸು ಎಂದು ಹೇಳುವವರು ಮೊದಲು ಅದರಲ್ಲಿ ಕೂತು, ಅದೇ ಜಾಗದ ತಮ್ಮ ಕೂದಲನ್ನು ಕೀಳಿಸಿಕೊಳ್ಳಬೇಕು, ಆಮೇಲೆ ಇನ್ನೊಬ್ಬರ ಪಾಳಿ. ಉಳಿದ ಹೊತ್ತಿನಲ್ಲಿ ಅದರ ಮೇಲೆ ಶಾವಿಗೆ ಒಣಗುತ್ತದೆ, ಮುದುಕರು ತೂಕಡಿಸುತ್ತಾರೆ. ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯ ಕಾಲು ನುಣುಪಾಗಿರಲಿ ಎಂದು ಬಾಯಿಬಿಟ್ಟು ಕಾಲ ಮೇಲೆ ಒಂದು ಬೋಳು ಪಟ್ಟಿ ಮಾಡಿಸಿಕೊಂಡು, ಸಾಕಪ್ಪಾ ಎಂದು ಎದ್ದುಹೋದ. ಕೂದಲು ಬರುವತನಕ ಪಾಪ ಲುಂಗಿ ಎತ್ತಿ ಕಟ್ಟಲಿಲ್ಲ. ಹೀಗಾಗಿ ಯಾರೂ ಯಾರ ಕೂದಲಿನ ಸುದ್ದಿಗೂ ಹೋಗುತ್ತಿರಲಿಲ್ಲ. ಸಮಸ್ಯೆ ಮುಗಿಯಿತೆಂದೇ ತಿಳಿದಿದ್ದೆವು.

ನನ್ನ ಮಗಳು ಬನಶಂಕರಿಗೆ ಈಗ ಹದಿನಾರು. ನಿನ್ನಿಂದ ನನಗೆ, ನನ್ನಿಂದ ಅವಳಿಗೆ ಇಳಿದು ಬಂದ ಕಪ್ಪು ಗೆರೆ ಅವಳ ತುಟಿಯ ಮೇಲಿದೆ. ಹಾಡಿನ ಮೇಳದಲ್ಲಿ ಅವಳ ಪಕ್ಕ ನಿಲ್ಲುವ ಹುಡುಗನಿಗೂ ಅಷ್ಟೇ ಕೂದಲು. ಮೇಳದ ಮಲ್ಲಯ್ಯ ಮಾಸ್ತರರು ಮೊನ್ನೆ ಅವನ ಬೆನ್ನು ತಟ್ಟಿ "ಮೀಸಿ ಬಂತಲ್ಲೋ ಹುಲಿ!" ಎಂದರು. ಇವಳಿಗೆ, ಹಬ್ಬದ ದಿನ ಮುಂದಿನ ಸಾಲಿನಲ್ಲಿ ನಿಲ್ಲಬೇಕಾದರೆ ಅದನ್ನು ತೆಗೆಸು ಎಂದರು. ಇವಳು ಜೋಡಿಕುರ್ಚಿ ತೋರಿಸಿದಳು. ಮಾಸ್ತರರು ನಗುನಗುತ್ತಾ ಹೋಗಿ ಕೂತು, ಪೂರ್ತಿ ಮೀಸೆ ಕೀಳಿಸಿಕೊಂಡು, ಕಣ್ಣೀರು ಒರೆಸಿಕೊಂಡು, "ಇನ್ನ ನಿಂದು, ಬಾ ಯವ್ವಾ" ಎಂದುಬಿಟ್ಟರು.

ಪದ್ಧತಿಯ ಪ್ರಕಾರ ಅವರದೇ ಸರಿ. ನೋವನ್ನು ಸಮನಾಗಿ ಹಂಚಿದರೆ ನ್ಯಾಯವಾಯಿತೆಂದು ನಂಬಿದ ನಾವು, ಬೇಡ ಎನ್ನುವುದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಮಾಸ್ತರರ ಮೀಸೆ ಮತ್ತೆ ಬರುತ್ತದೆ, ಬಂದಾಗ ಎಲ್ಲರೂ ಮೆಚ್ಚುತ್ತಾರೆ. ಇವಳದು ಬಂದಾಗಲೆಲ್ಲ ಕುರ್ಚಿ ಕಾಯುತ್ತಿರುತ್ತದೆ. ಅವತ್ತು ಹೇಗೋ ಮುಂದೂಡಿಸಿದೆ, ನಾಳೆ ಬೆಳಿಗ್ಗೆ ಇವಳ ಪಾಳಿ. ಹಾಡೆಂದರೆ ಪ್ರಾಣ ಬಿಡುವ ಹುಡುಗಿ ಮೊನ್ನೆಯಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾಳೆ. ನನಗೆ ನೋಡಲಾಗುತ್ತಿಲ್ಲ.

ಅಜ್ಜಿ, ನಿನ್ನ ಕತೆ ಶರಣಪ್ಪನ ಕೂಗಿಗೇ ನಿಂತುಬಿಡುತ್ತದೆ. ಆಮೇಲೆ ನೀನು ಕುರ್ಚಿಯಲ್ಲಿ ಕೂತೆಯೋ ಇಲ್ಲವೋ ಯಾರೂ ಹೇಳಿಲ್ಲ. ನಗುವ ಭರದಲ್ಲಿ ಯಾರೂ ಕೇಳಿಯೂ ಇಲ್ಲ. ನನ್ನದೊಂದು ಕೋರಿಕೆ. ಪಟ್ಟಿ ಎಳೆ, ಧಾರಾಳವಾಗಿ ಎಳೆ. ಆದರೆ ಅವನು ಇನ್ನು ನಿನ್ನದು ಎಂದಾಗ "ಒಲ್ಲೆ" ಅನ್ನು. ನಿನಗೇ ತೆಗೆಸಬೇಕೆನ್ನಿಸಿದ ದಿನ ತೆಗೆಸಿಕೋ, ಅದು ಬೇರೆ ಮಾತು. ಅವನ ಕೂಗಿನಷ್ಟೇ ಗಟ್ಟಿಯಾಗಿ ಅನ್ನು, ಕತೆಯಲ್ಲಿ ಉಳಿಯಲಿ.

ನಿನ್ನ ಮಾತು ಇಲ್ಲಿಗೆ ಬಂದು ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಮಗಳ ಪಕ್ಕ ನಾನಂತೂ ನಿಂತಿರುತ್ತೇನೆ. ಅವಳು ಬಾಯಿಯಿಂದ ಕೈ ತೆಗೆದು ಆ ಮಾತು ಹೇಳಿದರೆ, ಅದನ್ನು ಮೊದಲು ಹೇಳಿದವಳು ದಾನೇಶ್ವರಜ್ಜಿಯೇ ಎಂದು ಊರಿಗೆಲ್ಲ ಸಾರುತ್ತೇನೆ. ನನ್ನನ್ನು ಸುಳ್ಳುಬುರುಕಿ ಮಾಡಬೇಡ.

ಇಂತಿ, ನಿನ್ನದೇ ಮೇಲ್ದುಟಿಯ
ಕೃಷ್ಣವ್ವ