ಅಪ್ಪ ಕಡಿದ ಅಳತೆಕೋಲು

ಫೆಬ್ರವರಿ ೧೧, ಭಾನುವಾರ

ಪುಟ್ಟಾ,

ಹೇಗಿದ್ದೀಯೋ? ನಿನ್ನ ಹೆಂಡತಿ, ಮಗಳು ಆರಾಮ ತಾನೆ? ನಿನ್ನ ಕಾಗದ ಬಂದು ಎಂಟು ತಿಂಗಳಾಯ್ತು, ಬೈಬೇಡ. ಬರೀಬೇಕು ಅಂತ ಕೂರ್ತಿದ್ದೆ, "ಪುಟ್ಟಾ" ಅಂತ ಬರೆದು ಎದ್ದುಬಿಡ್ತಿದ್ದೆ. ನನ್ನ ಜಂಬ ನಿನಗೆ ಗೊತ್ತಲ್ಲ.

ಇಲ್ಲಿ ಜನವೋ ಜನ ಕಣೋ. ನೀನು ಮನೆ ಬಿಟ್ಟಾಗ ದಂಡೆ ಮೇಲೆ ಹನ್ನೊಂದು ಮನೆ ಇದ್ವು, ಈಗ ಎಪ್ಪತ್ತು ದಾಟಿವೆ. ನೀರು ಇಳಿಯೋದೇ ತಡ, ಕೆಸರಿನ ತುಂಬ ಬಗ್ಗಿದ ಬೆನ್ನುಗಳು. ಒಂದೊಂದು ಏಡಿ ಬಿಲಕ್ಕೂ ಮೂರು ಕೈ. ಆಗ ಬುಟ್ಟಿಗೆ ಇಪ್ಪತ್ತು ಏಡಿ ಬಿದ್ದರೆ ಎತ್ತೋಕೆ ನೀನು ಬೇಕಿತ್ತು. ಈಗ ಅದೇ ಇಪ್ಪತ್ತನ್ನ ಒಂದು ಕೈಲಿ ತೂಗಾಡಿಸಿಕೊಂಡು ಬರ್ತೀನಿ.

ಹೊಸಬರನ್ನ ಬೈದು ಏನು ಬಂತು, ಅವರಿಗೂ ಹೊಟ್ಟೆ ಇದೆ. ಬಂದೋರೆಲ್ಲ ಮೊದಲು ನನ್ನ ಹತ್ರಾನೇ ಬರ್ತಾರೆ. "ದೊಡ್ಡಕ್ಕಾ, ಅಳತೆಕೋಲು ಕೊಡಿ, ಹಾಗೇ ಒಂದು ಕಡ್ಕೊಳ್ತೀವಿ" ಅಂತಾರೆ. ಅಪ್ಪನ ಮಾತು ಅವರಿಗೂ ಬಾಯಿಪಾಠ: ಏಡಿ ಬೆನ್ನಿಗೆ ಕೋಲು ಅಡ್ಡ ಇಡು, ಕೋಲು ಆಚೆ ಚಾಚಿದರೆ ಅದಿನ್ನೂ ಮಗು, ಬಿಟ್ಟುಬಿಡು. ಎಪ್ಪತ್ತು ಮನೆಗೂ ನನ್ನ ಕೋಲೇ ಅಳತೆ. ಅದೇ ನನಗೊಂದು ದೊಡ್ಡಸ್ತಿಕೆಯಾಗಿತ್ತು.

ನೀನು ಒಂದೊಂದು ಏಡಿಯ ಬೆನ್ನನ್ನೂ ಹೆಬ್ಬೆರಳಲ್ಲಿ ಒರೆಸಿ ಆಮೇಲೆ ಅಳೀತಿದ್ದೆ. "ಹಸುಗೂಸಿಗೆ ನೀರು ಹಾಕ್ತಿದ್ದೀಯೇನೋ" ಅಂತ ನಾನು ನಗ್ತಿದ್ದೆ. ನಾನೋ, ಕೋಲಿನ ತುದಿಯಿಂದಲೇ ಕೆಸರು ಕೆರೆದು, ಅಳೆದು, ಮುಂದೆ ಹೋಗ್ತಿದ್ದೆ. ಈಗ ಸುತ್ತ ಇಷ್ಟು ಜನ ಇದ್ದಾರೆ, ರೇಗಿಸೋಕೆ ಒಬ್ಬರಿಲ್ಲ. ಕೆಸರಲ್ಲಿ ಕಾಲು ಸಿಕ್ಕಿಕೊಂಡ್ರೆ ಹಿಂದೆ ತಿರುಗದೇ ಕೈ ಚಾಚ್ತೀನಿ, ನೀನಿದ್ದೀಯ ಅಂತ. ಒಂಬತ್ತು ವರ್ಷ ಆದರೂ ಈ ಕೈಗೆ ಬುದ್ಧಿ ಬಂದಿಲ್ಲ. ತುಂಬ ಒಂಟಿ ಅನ್ನಿಸುತ್ತೆ ಕಣೋ.

ಮೊನ್ನೆ ಏಡಿ ತೂಗೋ ಕಟ್ಟೆಯವನು, "ದೊಡ್ಡಕ್ಕಾ, ಇವು ಏಡಿನೋ ಜೇಡಾನೋ?" ಅಂದ. ಎಲ್ಲರೂ ನಕ್ಕರು. ಕೋಲನ್ನ ಅವನ ಮೂಗಿನ ಮುಂದೆ ಹಿಡಿದು "ನಮ್ಮಪ್ಪ ಕಡಿದದ್ದು, ಅಳೆದು ನೋಡು" ಅಂದೆ. ಅಳೆದ, ಸರಿ ಇತ್ತು, ತೂಗಿಕೊಂಡ. ನೀನು ಅವತ್ತು "ಅಕ್ಕಾ, ನಿನ್ನ ಕೋಲು ಸರಿ ಇಲ್ಲ" ಅಂದಿದ್ದೂ ಅದೇ ಕಟ್ಟೆ ಮೇಲೆ. ಅಷ್ಟು ಜನರ ಮುಂದೆ ನಿನ್ನನ್ನ ಸುಳ್ಳುಗಾರ ಅಂದೆ. "ಅಪ್ಪನ ಕೋಲಿಗೇ ತಪ್ಪು ಹಿಡಿಯೋನಿಗೆ ನಮ್ಮನೇಲಿ ಜಾಗ ಇಲ್ಲ" ಅಂದುಬಿಟ್ಟೆ. ನೀನು ಉಣ್ಣದೇ ಹೋದೆ.

ಮಗಳನ್ನ ಬಿಸಿಲಲ್ಲಿ ಅಲೆಸಬೇಡ. ನನ್ನ ಆಯಸ್ಸೂ ನಿಮಗೇ ಸೇರಲಿ, ಮೂವರೂ ತಣ್ಣಗಿರಿ.

ನಿನ್ನ ಅಕ್ಕ

ಮತ್ತೆ: ಇಷ್ಟು ಬರೆದರೂ ಹೇಳಬೇಕಾದ್ದು ಹೇಳಲಿಲ್ಲ ನೋಡು. ನಿನ್ನೆ ಸೂರು ಸರಿಮಾಡೋಕೆ ಹತ್ತಿದಾಗ ನೀನು ಸಿಕ್ಕಿಸಿಟ್ಟು ಹೋದ ಕೋಲು ಸಿಕ್ತು. ಅಪ್ಪ ನಮ್ಮಿಬ್ಬರಿಗೂ ಒಂದೇ ದಿನ, ಒಂದೇ ಕೊಂಬೆಯಿಂದ, ಒಂದೇ ಅಳತೆಗೆ ಕಡಿದುಕೊಟ್ಟಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟೆ. ನನ್ನದು ಎರಡು ಬೆರಳು ಗಿಡ್ಡ. ಕೆಸರು ಕೆರೆದು ಕೆರೆದು ನಾನೇ ಸವೆಸಿದ್ದೀನಿ. ಆ ಗಿಡ್ಡ ಅಳತೆಯನ್ನೇ ಎಪ್ಪತ್ತು ಮನೆಗೂ ಹಂಚಿ, ಬಿಡಬೇಕಾದ ಮರಿಗಳನ್ನೆಲ್ಲ ಹಿಡಿಸಿದ್ದೀನಿ. ನಾಳೆ ಅವರೆಲ್ಲರನ್ನೂ ಕಟ್ಟೆ ಹತ್ರ ಕರೆದಿದ್ದೀನಿ. ನಿನ್ನ ಕೋಲು ಹಿಡಿದು ನಿಂತು, ನನ್ನ ತಮ್ಮ ಹೇಳಿದ್ದೇ ನಿಜ, ತಪ್ಪು ನನ್ನದು ಅಂತ ಹೇಳ್ತೀನಿ. ಎಲ್ಲರೂ ಕೇಳಿಸಿಕೊಳ್ತಾರೆ ಪುಟ್ಟಾ, ನೀನೊಬ್ಬನನ್ನ ಬಿಟ್ಟು.