ಗಾಜಿನ ಕೋಣೆಯಲ್ಲಿ ಬೀಗರು

ಎಜ್‌ವೇರ್, ಲಂಡನ್
೧೩ ಆಗಸ್ಟ್ ೨೦೦೩

ಪ್ರೀತಿಯ ನಾಗವ್ವಾ,

ಮೊಣಕಾಲು ನೋವು ಹೇಗಿದೆ? ಊಟವಾದ ಮೇಲೆ ಗುಳಿಗೆ ತೆಗೆದುಕೊಳ್ಳುತ್ತೀಯೋ, ಮಾತಿನ ಭರದಲ್ಲಿ ಮರೆಯುತ್ತೀಯೋ? ನಾನು ಆರಾಮ. ಇಲ್ಲಿಂದ ನೀನಿರುವ ಸ್ಟ್ಯಾನ್ಮೋರಿಗೆ ಬಸ್ಸಿನಲ್ಲಿ ಕಾಲು ಗಂಟೆ, ಅಷ್ಟಕ್ಕೆ ಗಂಡ ಹೆಂಡತಿಗೆ ಪತ್ರ ಬರೆಯಬೇಕೇ ಎಂದು ನಗಬೇಡ. ಫೋನ್ ಮಾಡಿದರೆ ಪ್ರತಿ ಸಲವೂ ಬೀಗರೇ ಎತ್ತುತ್ತಾರೆ. ನಮ್ಮ ಕಿರಿಯ ಸೊಸೆ ಸ್ಫೂರ್ತಿಯ ಅಪ್ಪನೆಂಬ ಗೌರವ ನನಗೂ ಇದೆ. ಆದರೆ ಬೀಗತಿಯನ್ನು ಧಾರವಾಡದಲ್ಲಿ ಬಿಟ್ಟು ಬಂದ ಉಮಾಶಂಕರ ಬೀಗರು ನಮ್ಮ ಪ್ರಸಾದನ ಮನೆಯ ಫೋನನ್ನು ಕಾಯುತ್ತ ಕೂರುವುದೇಕೆ?

ಬಿಸಿಲು ಚೆನ್ನಾಗಿದೆ, ಸಂಡಿಗೆ ಒಣಗಿಸಿಕೊಂಡು ಹದಿನೈದು ದಿನದಲ್ಲಿ ಬರುತ್ತೇನೆಂದು ಹೋದವಳು ನೀನು. ಎರಡು ತಿಂಗಳಾಯಿತು. ಕೇಳಿದಾಗಲೆಲ್ಲ “ಮುಂದಿನ ವಾರ ಬರ್ತೀನ್ರೀ” ಎನ್ನುತ್ತೀ. ನಿನ್ನೆ ನಮ್ಮ ಹಿರಿಮಗ ನಿತೀಶ ಬಾಯಿಬಿಟ್ಟ. ಇನ್ನು ಮೇಲೆ ಅವ್ವ ಪ್ರಸಾದನ ಹತ್ತಿರ, ಅಪ್ಪ ತನ್ನ ಹತ್ತಿರ ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದಾರಂತೆ. ನನ್ನನ್ನು ಯಾರೂ ಕೇಳಲಿಲ್ಲ. ನಿನ್ನನ್ನು ಕೇಳಿದರೇ? ನೀನು ಹೂಂ ಅಂದೆಯಾ?

ಭಾನುವಾರ ನಾನು ಬಂದಾಗ ಮನೆಗೆ ಅಂಟಿಸಿ ಕಟ್ಟಿದ ಆ ಕನ್ಸರ್ವೇಟರಿ ಕೋಣೆಯೊಳಗೆ ನಲವತ್ಮೂರು ಡಿಗ್ರಿ. ಮೂರು ಕಡೆ ಗಾಜು, ತಲೆಯ ಮೇಲೂ ಗಾಜು. ನಮ್ಮ ಬಿಜಾಪುರದವರು ಯಾರಾದರೂ ಬುದ್ಧಿ ನೆಟ್ಟಗಿದ್ದು ಇಂಥ ಮನೆ ಕಟ್ಟಿಸಿಯಾರೇ? ಅಲ್ಲೇ ನಿನ್ನ ಮಂಚ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತಲೆಯ ಮೇಲೆ ಒದ್ದೆ ಟವೆಲ್ ಹೊದ್ದು ಬೀಗರು. “ನಿಮ್ಮ ಕೈರುಚಿ ಬ್ಯಾರೇನ ಬಿಡ್ರಿ” ಎಂದು ಅವರು ಸಂಡಿಗೆ ಮುರಿಯುವುದು, “ಇನ್ನೆರಡು ತಗೋರಿ” ಎಂದು ನೀನು ನಗುವುದು. ನನಗೆ ಹೊಟ್ಟೆ ಉರಿಯಿತು. ಹೌದು, ಬರೆದೇಬಿಟ್ಟೆ. ನಲವತ್ತೊಂದು ವರ್ಷ ನಿನ್ನ ಕೈಯೂಟ ಉಂಡೂ ನಾನು ಒಂದು ದಿನ ಹೀಗೆ ಹೊಗಳಲಿಲ್ಲ. ಹೇಳದಿದ್ದರೂ ನಿನಗೆ ಗೊತ್ತಿರುತ್ತದೆಂದು ತಿಳಿದಿದ್ದೆ.

ಇನ್ನೊಂದು ವಿಷಯ. ನಿನ್ನ ಮೊಣಕಾಲಿಗೆ ಅಡ್ಡ ಬರುತ್ತದೆಂದು ಪ್ರಸಾದ ಅಡುಗೆಮನೆಗೂ ಆ ಕೋಣೆಗೂ ನಡುವಿನ ಬಾಗಿಲನ್ನು ಹೊಸ್ತಿಲ ಸಮೇತ ಕೀಳಿಸಿದ್ದಾನೆ. ಅದು ತಪ್ಪು. ಲೈಬ್ರರಿಯಲ್ಲಿ ಕೂತು ಕಟ್ಟಡ ನಿಯಮಗಳ ಪುಸ್ತಿಕೆ ಓದಿ ಬಂದೆ. ನಡುವೆ ಬಾಗಿಲಿದ್ದರೆ ಮಾತ್ರ ಇಂಥ ಗಾಜಿನ ಕೋಣೆಗೆ ವಿನಾಯಿತಿ. ಬಾಗಿಲು ತೆಗೆದರೆ ಅದೂ ಮನೆಯೇ ಆಯಿತು, ಕೌನ್ಸಿಲ್ಲಿನ ಅನುಮತಿ ಬೇಕು. ಮೂವತ್ತೆರಡು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವನಿಗೆ ಇದನ್ನು ನೋಡಿ ಸುಮ್ಮನಿರಲು ಆಗುತ್ತದೆಯೇ? ಮಗನ ಮೇಲೂ ಹೊಟ್ಟೆಕಿಚ್ಚು. ಊರ ತುಂಬ ಹೊಸ್ತಿಲು ಇಡಿಸಿದ ನಾನು ನಿನಗಾಗಿ ಒಂದನ್ನೂ ತೆಗೆಸಲಿಲ್ಲವಲ್ಲ. ಕೌನ್ಸಿಲ್ಲಿನವರು ಬಂದು ರಂಪವಾಗುವ ಮೊದಲು ನೀನು ಇಲ್ಲಿಗೆ ಬಂದುಬಿಡುವುದು ಲೇಸು.

ಪ್ರಸಾದನಿಗೂ ಸ್ಫೂರ್ತಿಗೂ ಆಶೀರ್ವಾದಗಳು. ಬೀಗರಿಗೆ ನಮಸ್ಕಾರ ತಿಳಿಸು. ನಗುತ್ತ ತಿಳಿಸಬೇಕಾಗಿಲ್ಲ.

ನಿನ್ನ
ಜಗದೇವಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಸಿಟ್ಟು ತಡೆಯಲಾರದೆ ಕೌನ್ಸಿಲ್ಲಿಗೆ ಫೋನ್ ಮಾಡಿ ದೂರು ಹೇಳತೊಡಗಿದೆ. ಆ ಕೋಣೆಯಲ್ಲಿ ಯಾರಾದರೂ ಮಲಗುತ್ತಾರೆಯೇ ಎಂದು ಫೋನ್ ಎತ್ತಿದ ಗುಮಾಸ್ತ ಕೇಳಿದ. ನನ್ನ ಹೆಂಡತಿ ಎಂದೆ. ನೀವು ಎಲ್ಲಿ ಮಲಗುತ್ತೀರಿ ಎಂದ. ಎಜ್‌ವೇರಿನಲ್ಲಿ ಎಂದೆ. ನೀನು ನನ್ನನ್ನು ಬಿಟ್ಟು ಹೋಗಿದ್ದೀಯೆಂದು ತಿಳಿದನೋ ಏನೋ, ದನಿ ತಗ್ಗಿಸಿ “ಐ ಆಮ್ ಸೋ ಸಾರಿ, ಸರ್” ಎಂದ. ವಿಳಾಸ ಹೇಳದೆ ಫೋನ್ ಇಟ್ಟೆ. ನಾಗವ್ವಾ, ಬರಲು ಮನಸ್ಸಿಲ್ಲದಿದ್ದರೆ ಬೇಡ. ನಿನ್ನ ಮಂಚದ ಪಕ್ಕದಲ್ಲಿ ಇನ್ನೊಂದು ಮಂಚ ಹಾಕಲು ಪ್ರಸಾದನಿಗೆ ಹೇಳು. ಶನಿವಾರ ಬರುತ್ತೇನೆ.